ಇಪ್ಪತ್ತೊಂದು ರೂಪಾಯಿ

ಮುಳಗುಂದ ನಾಕಾದ ರದ್ದಿ ಅಂಗಡಿಯಲ್ಲಿ
ದಾವಲಸಾಬ ನನಗೆಂದು ಒಂದು ಬಿಸ್ಕೀಟು ಡಬ್ಬಿ ಇಟ್ಟಿರುತ್ತಾನೆ.
ಟಿಕೀಟು ಅಂಟಿದ ಕಾಗದ ಸಿಕ್ಕರೆ ಅದರೊಳಗೆ.
ಕೆಲವೊಮ್ಮೆ ಲಾಟರಿ ಚೀಟಿ, ಒಮ್ಮೆ ಯಾರದೋ ಜಾತಕ.
ಈ ಸಲ ಡಬ್ಬಿ ತೆರೆಯುವ ಮೊದಲೇ ಅಂದ,
"ನಿಮ್ಮ ರಾಜಾ ಬಂದಾನ್ರಿ ಬಾಯಾರ.
ಆದರ ಅರ್ಧಾನ ಬಂದಾನ."

ಹೌದು, ಅರ್ಧ.
ಎರಡಾಣೆಯ ರೆವಿನ್ಯೂ ಟಿಕೀಟು,
ಮೂಲೆಯಿಂದ ಮೂಲೆಗೆ ಕತ್ತರಿಸಿ ರಸೀದಿಗೆ ಅಂಟಿಸಿದ್ದು.
ರಾಜನ ಗಡ್ಡ ಇದೆ, ಕಿರೀಟ ಇಲ್ಲ.
ಎರಡು ಬದಿಗೆ ಹಲ್ಲು,
ಮೂರನೆಯದು ಕತ್ತರಿ ಹೋದ ದಾರಿ,
ಸ್ವಲ್ಪ ಸೊಟ್ಟ.

ನನ್ನ ಕ್ಯಾಟಲಾಗು ಮಣೆಯಷ್ಟು ದಪ್ಪ.
ಬಣ್ಣಕ್ಕೊಂದು ಸಾಲು, ನೀರಚ್ಚಿಗೊಂದು ಸಾಲು.
ಹಲ್ಲು ಎಣಿಸಿದೆ. ಮುಂಬಯಿ ಇಲಾಖೆಯ ಪುಟ ತಿರುವಿದೆ,
ಸಾಂಗಲಿ, ಸವಣೂರು, ಎಲ್ಲ ಸಂಸ್ಥಾನ ಸುತ್ತಿ ಬಂದೆ.
ಇಡೀ ಟಿಕೀಟು ಇದೆ, ಬೆಲೆ ಒಂದು ಚಹಾಕ್ಕಿಂತ ಕಡಿಮೆ.
ಅರ್ಧ ಎಲ್ಲೂ ಇಲ್ಲ.

ಮಾಳಮಡ್ಡಿಯ ಗುಡಗುಡಿ ಮಾಸ್ತರು
ಒಂದೇ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು
ಅವಲಕ್ಕಿ ಮೆತ್ತಗಾಗುವ ತನಕ ನೋಡಿದರು.
"ಯಾವದೋ ಹುಡುಗ ಕತ್ತರಿ ಆಡಿಸ್ಯಾನ ತಂಗೀ.
ಪುಸ್ತಕದಾಗ ಇಲ್ಲ ಅಂದ್ರ ಇಲ್ಲ."

ತಿರುಗಿ ಬರುವಾಗ, ಅಣ್ಣಿಗೇರಿ ದಾಟಿದ ಮೇಲೆ,
ಬಸ್ಸಿನ ಕಿಟಕಿಯ ಬೆಳಕಿನಲ್ಲಿ
ಮೊದಲ ಸಲ ಆ ರಸೀದಿ ಓದಿದೆ.
ನಾಚಿಕೆಯ ಮಾತು. ಹತ್ತು ದಿನ ನನ್ನ ಕೈಯಲ್ಲಿತ್ತು.

*ಬೆಟಗೇರಿ ಫಕೀರವ್ವ ಕೋಂ ಅಡಿವೆಪ್ಪ
ಬರೆಸಿ ಕೊಟ್ಟ ಪಾವತಿ.
ಕರೀ ಎಮ್ಮಿ ಒಂದು, ಎಡಗೋಡು ಮುರಿದದ್ದು, ಕರುಸಹಿತ.
ರೂಪಾಯಿ ಇಪ್ಪತ್ತೊಂದು ನಗದು ಮುಟ್ಟಿತು.*

ಇಪ್ಪತ್ತೊಂದು.

ಖಜಾನೆಯಲ್ಲಿ ಮೂವತ್ತು ವರ್ಷ ಛಾಪಾ ಕಾಗದ ಎಣಿಸಿದವಳು ನಾನು,
ಹಳೆಯ ಕಾಯಿದೆ ಬಾಯಿಪಾಠ.
ಇಪ್ಪತ್ತು ದಾಟಿದರೆ ಒಂದಾಣೆಯ ಟಿಕೀಟು,
ಇಪ್ಪತ್ತಕ್ಕೆ ನಿಂತರೆ ಏನೂ ಬೇಡ.
ಕೊಳ್ಳುವವ ಅಂದೇ ಇರುತ್ತಾನೆ,
"ಇಪ್ಪತ್ತಕ್ಕ ಮುಗಸಬೇ ಯವ್ವಾ, ಟಿಕೀಟಿನ ರಗಳಿ ತಪ್ಪತೈತಿ."
ಹಗ್ಗ ಬಿಡದೆ ಅವಳು:
"ಕರಾ ಏನ್ ಪುಕ್ಕಟೆ ಬಂದೈತೇನ?"

ಅವತ್ತು ಒಂದಾಣೆಯವು ಮುಗಿದಿರಬೇಕು.
ನನ್ನ ಕಿಟಕಿಯಲ್ಲೂ ಮುಗಿಯುತ್ತಿದ್ದವು,
"ನಾಳೆ ಬರ್ರಿ" ಅಂದು ಕಿಟಕಿ ಹಾಕುತ್ತಿದ್ದೆ.
ಯಾರವನು ಆ ಕಾರಕೂನ,
ಮೇಲಿನವರನ್ನು ಒಂದು ಮಾತು ಕೇಳದೆ
ಚಕ್ರವರ್ತಿಯನ್ನು ಕತ್ತರಿಯ ಬಾಯಿಗೆ ಕೊಟ್ಟವನು?
ಹೊರಗೆ ಎಮ್ಮೆ ಕೂಗುತ್ತಿತ್ತೋ ಏನೋ,
ಹಿಂಡುವ ಹೊತ್ತು ಮೀರಿತ್ತೋ.

ಆಮೇಲೆ ಯಾರೋ ಕತ್ತರಿಸಿದ್ದಾದರೆ
ಮಸಿ ಕತ್ತರಿಯ ಅಂಚಿಗೆ ಬಂದು ನಿಲ್ಲಬೇಕು.
ಇಲ್ಲಿ ಫಕೀರವ್ವನ ಹೆಬ್ಬೆಟ್ಟು
ಅರ್ಧ ಟಿಕೀಟಿನ ಮೇಲೆ, ಅರ್ಧ ಕಾಗದದ ಮೇಲೆ.
ಗೆರೆಗಳು ಒಂದೂ ತಪ್ಪದೆ
ರಾಜನ ಗಡ್ಡ ಇಳಿದು ರಸೀದಿಗೆ ನಡೆದಿವೆ.
ನಡುವೆ ಒಂದು ಬಿಳಿ ಗೀರು,
ಕುಡಗೋಲಿನ ಹಳೆಯ ಗಾಯ ಇದ್ದೀತು,
ಅದೂ ಅಂಚು ದಾಟಿದೆ.

ಮಾಸ್ತರಿಗೆ ಫೋನ್ ಮಾಡಿ ಹೇಳಿದೆ.
ಬಹಳ ಹೊತ್ತು ಸುಮ್ಮನಿದ್ದರು. ಗಡಿಯಾರ ಹೊಡೆದದ್ದು ಕೇಳಿಸಿತು.
"ನಾಳೆ ತಗೊಂಡು ಬಾ," ಅಂದರು,
"ಅವಲಕ್ಕಿ ಬ್ಯಾರೆ ಮಾಡಸತೀನಿ."

ಕ್ಯಾಟಲಾಗಿನ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದೆ:
ಅರ್ಧ, ಗದಗ, ಕಂಡದ್ದು ಇದೊಂದೇ.
ಬೆಲೆಯ ಮನೆಯಲ್ಲಿ ಏನು ಹಾಕಲಿ ತಿಳಿಯಲಿಲ್ಲ.
ಇಪ್ಪತ್ತೊಂದು ಬರೆದೆ,
ಅಳಿಸಿದೆ,
ಮತ್ತೆ ಬರೆದೆ.

ಈಗ ಕಿರೀಟದ ತುಂಡು ಹುಡುಕಬೇಕು.
ಅವತ್ತೇ, ಅದೇ ಕಟ್ಟೆಯ ಮೇಲೆ,
ಇಪ್ಪತ್ತರ ಮೇಲೆ ಒಂದಾದರೂ ಹೆಚ್ಚು ಕೇಳಿ ಗೆದ್ದ
ಇನ್ನೊಬ್ಬರು ಯಾರೋ ಇದ್ದಾರೆ.
ದಾವಲಸಾಬನಿಗೆ ಹೇಳಿಟ್ಟಿದ್ದೇನೆ,
"ಗಡ್ಡ ಇಲ್ಲದ ರಾಜಾ ಬಂದರ
ರಾತ್ರಿ ಆದರೂ ಫೋನ್ ಮಾಡಪಾ."